ಮನೆಯಲ್ಲೇ ಹತ್ತನೆಯ ಗಣಿತ: ಮಕ್ಕಳು ತಾವೇ ನೋಡಿ ಕಲಿಯುವ ಕೋರ್ಸ್ ಆರಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಮಗಳು ಏಳನೆಯ ತರಗತಿ ಮುಗಿಸಿದ ಮೇಲೆ ಮನೆಯಲ್ಲೇ ಓದಿದಳು. ಶಿರಸಿ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ. ಕನ್ನಡ, ಇತಿಹಾಸ, ವಿಜ್ಞಾನ ಹೇಗೋ ಸಾಗಿದವು. ಪುಸ್ತಕ ಕೊಟ್ಟರೆ ಓದಿಕೊಳ್ಳುತ್ತಿದ್ದಳು, ಸಂಜೆ ಕೂತು ಮಾತಾಡಿದರೆ ಸಾಕಿತ್ತು. ಗಣಿತ ಹಾಗಲ್ಲ. ಎಂಟನೆಯ ತರಗತಿಯ ಬೀಜಗಣಿತ ಶುರುವಾದ ಮೇಲೆ ದಿನಾ ಒಬ್ಬರು ಪಕ್ಕದಲ್ಲಿ ಕೂರಬೇಕಾಯಿತು. ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು ಶುರುವಾಗಿ, ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು ಅಂತ ಮನೆಯ ದೊಡ್ಡವರೆಲ್ಲ ಅಂಗಳದಲ್ಲೇ ಇರುವ ತಿಂಗಳುಗಳಲ್ಲಿ ಅದು ಆಗುವ ಮಾತಲ್ಲ. ಹಾಗಾಗಿ ಮಗು ತಾನೇ ನೋಡಿ, ತಾನೇ ಬಿಡಿಸಿ, ತನ್ನ ತಪ್ಪನ್ನು ತಾನೇ ಹಿಡಿಯುವಂಥ ಕೋರ್ಸ್ ಹುಡುಕಲು ಹೊರಟೆವು.

ಹುಡುಕುತ್ತಾ ಹೋದ ಹಾಗೆ ಒಂದು ವಿಷಯ ನನಗೆ ಗಟ್ಟಿಯಾಯಿತು. ವಿಡಿಯೊ ಎಷ್ಟು ಚೆಂದ, ಪಾಠ ಮಾಡುವವರು ಎಷ್ಟು ಹೆಸರುವಾಸಿ ಅಂತ ನೋಡಿ ಕೋರ್ಸ್ ಆರಿಸಿದರೆ ಮೋಸ ಹೋಗುತ್ತೀರಿ. ಮಗು ತಪ್ಪು ಉತ್ತರ ಕೊಟ್ಟ ಮರುಕ್ಷಣ ಆ ಕೋರ್ಸ್ ಏನು ಮಾಡುತ್ತದೆ ಅಂತ ನೋಡಿ. ಪಕ್ಕದಲ್ಲಿ ಮೇಷ್ಟ್ರು ಇಲ್ಲದಾಗ ಮೇಷ್ಟ್ರ ಕೆಲಸ ಮಾಡಬೇಕಾದ ಜಾಗ ಅದೊಂದೇ.

ನಾವು ಎಡವಿದ್ದು ಎಲ್ಲಿ

ಇದನ್ನು ನಾವು ದುಡ್ಡು ಕೊಟ್ಟೇ ಕಲಿತೆವು. ಮೊದಲ ವರ್ಷ ಒಂದು ಕಂಪನಿಯವರು ಮನೆಗೇ ಬಂದು ಟ್ಯಾಬ್ ತೋರಿಸಿದರು. ತ್ರಿಕೋನ ತಿರುಗುತ್ತದೆ, ಗೋಳ ಬಿಚ್ಚಿಕೊಳ್ಳುತ್ತದೆ, ಪ್ರತಿ ಪಾಠಕ್ಕೂ ನಕ್ಷತ್ರ ಸಿಗುತ್ತದೆ. ಮಗಳಿಗೆ ಇಷ್ಟವಾಯಿತು, ಕಂತಿನ ಮೇಲೆ ತಗೊಂಡೆವು. ನಾಲ್ಕು ತಿಂಗಳು ಅವಳು ಜಗಲಿಯಲ್ಲಿ ಕೂತು ದಿನಾ ನೋಡಿದಳು. ಪ್ರತಿ ಅಧ್ಯಾಯದ ಕೊನೆಯ ಪರೀಕ್ಷೆಯಲ್ಲಿ ನೂರಕ್ಕೆ 85, 90. ನಮಗೆಲ್ಲ ಖುಷಿ.

ಒಂದು ದಿನ ಪಠ್ಯಪುಸ್ತಕದಿಂದ ಐದು ಲೆಕ್ಕ ಆರಿಸಿ ಬಿಳಿ ಹಾಳೆಯ ಮೇಲೆ ಬರೆದುಕೊಟ್ಟೆ. ಎರಡು ಮಾತ್ರ ಬಂದವು. ಉಳಿದ ಮೂರರಲ್ಲಿ ಮೊದಲ ಸಾಲು ಬರೆಯುವುದೇ ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ಪಕ್ಕದಲ್ಲಿ ಕೂತು ಟ್ಯಾಬ್‌ನಲ್ಲಿ ಅವಳು ಹೇಗೆ ಬಿಡಿಸುತ್ತಾಳೆ ಅಂತ ನೋಡಿದಾಗ ಅರ್ಥವಾಯಿತು. ಎಲ್ಲವೂ ನಾಲ್ಕು ಆಯ್ಕೆಯ ಪ್ರಶ್ನೆ. ಸಮೀಕರಣ ಬಿಡಿಸುವ ಬದಲು ನಾಲ್ಕೂ ಉತ್ತರವನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದಳು, ಯಾವುದು ಹೊಂದುತ್ತದೋ ಅದನ್ನು ಒತ್ತುತ್ತಿದ್ದಳು. ತಪ್ಪಾದರೆ ಕೆಂಪು ಗುರುತು ಬಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಯಾಕೆ ತಪ್ಪು ಅಂತ ಹೇಳುವವರಿಲ್ಲ. ವಾಪಸ್ ಕೊಡುವ ಅವಧಿ ಅಷ್ಟರಲ್ಲಿ ಮುಗಿದಿತ್ತು, ಕಂತು ಮಾತ್ರ ಪೂರ್ತಿ ಕಟ್ಟಿದೆವು. ಅವಳದ್ದೇನೂ ತಪ್ಪಿಲ್ಲ. ಯಂತ್ರ ಕೇಳಿದ್ದನ್ನು ಅವಳು ಕೊಟ್ಟಳು, ಅಷ್ಟೇ.

ಹೆಜ್ಜೆ 1: ಪರೀಕ್ಷೆ ಯಾವುದು ಅಂತ ಮೊದಲು ತೀರ್ಮಾನಿಸಿ

ಕೋರ್ಸ್ ನೋಡುವುದಕ್ಕಿಂತ ಮೊದಲು, ಮಗು ಕೊನೆಗೆ ಯಾವ ಪರೀಕ್ಷೆ ಬರೆಯುತ್ತದೆ ಅಂತ ಮನೆಯವರೆಲ್ಲ ಕೂತು ಮಾತಾಡಿ. ಮನೆಯಲ್ಲಿ ಓದುವ ಮಕ್ಕಳು ಜಾಸ್ತಿ ಹೋಗುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯದು, ಎಲ್ಲರೂ ಎನ್‌ಐಒಎಸ್ ಅಂತ ಕರೆಯುವುದು ಅದನ್ನೇ. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. 14 ವರ್ಷ ತುಂಬಿದವರು ಹತ್ತನೆಯ ಮಟ್ಟಕ್ಕೆ ಹೆಸರು ನೋಂದಾಯಿಸಬಹುದು. ನೋಂದಣಿ 5 ವರ್ಷ ಇರುತ್ತದೆ. ಅಷ್ಟರಲ್ಲಿ 9 ಸಲ ಪರೀಕ್ಷೆಗೆ ಕೂರಲು ಅವಕಾಶ. ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್‌ನಲ್ಲಿ ಪರೀಕ್ಷೆ ನಡೆಯುತ್ತದೆ. ಪಾಸಾಗಲು 33 ಪ್ರತಿಶತ ಬೇಕು. ಗಣಿತವೊಂದನ್ನೇ ಬಿಟ್ಟು ಉಳಿದದ್ದನ್ನು ಮೊದಲು ಬರೆದು, ಗಣಿತವನ್ನು ಮುಂದಿನ ಸಲ ಬರೆಯಬಹುದು. ಗಣಿತದಲ್ಲಿ ನಿಧಾನ ಇರುವ ಮಕ್ಕಳಿಗೆ ಇದು ದೊಡ್ಡ ಸಮಾಧಾನ.

ಅಲ್ಲಿ ಹತ್ತನೆಯ ಮಟ್ಟದಲ್ಲಿ ಗಣಿತ ಕಡ್ಡಾಯ ಅಲ್ಲ, ಬೇರೆ ವಿಷಯ ತಗೊಂಡೂ ಪಾಸಾಗಬಹುದು. ಆದರೆ ಮುಂದೆ ಪಿಯು ವಿಜ್ಞಾನ, ಡಿಪ್ಲೊಮಾ ಅಂತ ಸ್ವಲ್ಪವಾದರೂ ಮನಸ್ಸಿದ್ದರೆ ಬಿಡಬೇಡಿ. 14 ವರ್ಷದ ಮಗುವಿಗೆ ತನಗೆ 17ರಲ್ಲಿ ಏನು ಬೇಕಾಗುತ್ತದೆ ಅಂತ ಹೇಗೆ ಗೊತ್ತಿರುತ್ತದೆ ಹೇಳಿ.

ಪರೀಕ್ಷೆ ತೀರ್ಮಾನವಾದ ಮೇಲೆ ಅದರ ಪಠ್ಯಕ್ರಮವನ್ನು ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ. ಎನ್‌ಐಒಎಸ್ ಪುಸ್ತಕಗಳು ಅದರ ವೆಬ್‌ಸೈಟ್‌ನಲ್ಲೇ ಪುಕ್ಕಟೆ ಸಿಗುತ್ತವೆ. ರಾಜ್ಯದ ಎಸ್‌ಎಸ್‌ಎಲ್‌ಸಿಯನ್ನೇ ಖಾಸಗಿಯಾಗಿ ಬರೆಸುವ ಯೋಚನೆ ಇದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಹತ್ತನೆಯ ಗಣಿತದ ಎರಡೂ ಭಾಗ ಕನ್ನಡದಲ್ಲೇ ಇವೆ. ಅವು ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯ ಪುಸ್ತಕವನ್ನು ಆಧರಿಸಿದವು. ಮುಂದೆ ನೋಡುವ ಪ್ರತಿ ಕೋರ್ಸನ್ನೂ ಗೋಡೆಯ ಈ ಹಾಳೆಯ ಪಕ್ಕ ಹಿಡಿದು ನೋಡಬೇಕು.

ಹೆಜ್ಜೆ 2: ಮಗು ನಿಜಕ್ಕೂ ಎಲ್ಲಿದೆ

ವಯಸ್ಸು ನೋಡಿ ತರಗತಿ ಆರಿಸಬೇಡಿ. ಒಂಬತ್ತನೆಯದು ತಿಳಿಯದ ಮಗುವಿಗೆ ನಿಜವಾದ ತೊಡಕು ಇರುವುದು ಆರನೆಯ ತರಗತಿಯ ಭಿನ್ನರಾಶಿಯಲ್ಲಿ. ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ.

ಒಂದು ಬೆಳಿಗ್ಗೆ, ಹೊಟ್ಟೆ ತುಂಬಿ ಮನಸ್ಸು ತಿಳಿಯಾಗಿರುವಾಗ, ಒಂದು ಗಂಟೆ ಕೂರಿಸಿ. ಕ್ಯಾಲ್ಕುಲೇಟರ್ ಬೇಡ, ಆಯ್ಕೆ ಉತ್ತರಗಳೂ ಬೇಡ. ನಾನು ಕೊಟ್ಟಿದ್ದು ಇಂಥವು:

3/4 + 5/6 ಎಷ್ಟು?
−7 − (−3) ಎಷ್ಟು?
0.3 × 0.2 ಎಷ್ಟು?
640ರ ಶೇಕಡಾ 15 ಎಷ್ಟು?
450 ರೂಪಾಯಿಯನ್ನು 2:3ರಂತೆ ಹಂಚಿದರೆ ಯಾರಿಗೆ ಎಷ್ಟು?
ಒಂದು ಸಂಖ್ಯೆಯ ಮೂರರಷ್ಟಕ್ಕೆ 5 ಕೂಡಿಸಿದರೆ 26. ಆ ಸಂಖ್ಯೆ ಯಾವುದು?
50ರ ವರ್ಗಮೂಲ ಯಾವ ಎರಡು ಪೂರ್ಣಾಂಕಗಳ ನಡುವೆ ಇದೆ?
ಲಂಬಕೋನ ತ್ರಿಕೋನದ ಎರಡು ಬಾಹು 9 ಮತ್ತು 12. ವಿಕರ್ಣ ಎಷ್ಟು?
ಶೇಕಡಾ 1ರ ಬೋರ್ಡೋ ಮಿಶ್ರಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ. 35 ಲೀಟರಿಗೆ ಒಂದೊಂದೂ ಎಷ್ಟು ಗ್ರಾಂ?
ಒಂದು ಎಕರೆ ಅಂದರೆ 43,560 ಚದರ ಅಡಿ. ಉದ್ದಕ್ಕೂ ಅಗಲಕ್ಕೂ 9 ಅಡಿಗೊಂದರಂತೆ ಅಡಿಕೆ ಸಸಿ ನೆಟ್ಟರೆ ಸುಮಾರು ಎಷ್ಟು ಸಸಿ?

ಉತ್ತರಗಳು: 19/12, −4, 0.06, 96, 180 ಮತ್ತು 270, 7, 7 ಮತ್ತು 8ರ ನಡುವೆ, 15, 350 ಗ್ರಾಂ, ಸುಮಾರು 537.

ಉತ್ತರಕ್ಕಿಂತ ಹಾಳೆಯ ಮೇಲಿನ ಗೀಚು ಮುಖ್ಯ. ಭಿನ್ನರಾಶಿಯ ಲೆಕ್ಕಕ್ಕೆ 8/10 ಅಂತ ಬರೆದಿದ್ದರೆ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದೆ ಅಂತ ಅರ್ಥ. ಆ ಮಗುವನ್ನು ಈಗಲೇ ಬೀಜಗಣಿತಕ್ಕೆ ಕಳಿಸಿದರೆ ಅಲ್ಲಿ ಎಲ್ಲವೂ ಕುಸಿಯುತ್ತದೆ. ಮೊದಲ ಎಂಟರಲ್ಲಿ ಮೂರಕ್ಕಿಂತ ಜಾಸ್ತಿ ತಪ್ಪಿದ್ದರೆ ನಾಚಿಕೆ ಪಡದೆ ಎರಡು ತರಗತಿ ಹಿಂದೆ ಹೋಗಿ. ತಾನೇ ಕಲಿಯುವ ಕೋರ್ಸ್‌ನಲ್ಲಿ ಆರನೆಯದು, ಏಳನೆಯದು ಎರಡನ್ನೂ ದೊಡ್ಡ ಮಕ್ಕಳು ಎರಡು ಮೂರು ತಿಂಗಳಲ್ಲಿ ಮುಗಿಸುತ್ತಾರೆ. ನಮ್ಮ ಮಗಳು ಹಾಗೇ ಮಾಡಿದ್ದು.

ಕೊನೆಯ ಎರಡು ಲೆಕ್ಕ ಬೇರೆ ಕಾರಣಕ್ಕೆ. ಅವು ಬಂದು ಮೇಲಿನವು ಬರದಿದ್ದರೆ, ಮಗುವಿಗೆ ಲೆಕ್ಕದ ಬುದ್ಧಿ ಇದೆ, ಬರೆಯುವ ಕ್ರಮ ಮಾತ್ರ ಗೊತ್ತಿಲ್ಲ ಅಂತ. ಮೇಲಿನವು ಬಂದು ಅವು ಬರದಿದ್ದರೆ ಅದರ ಉಲ್ಟಾ. ಅಂಥ ಮಕ್ಕಳಿಗೆ ವಾಕ್ಯರೂಪದ ಲೆಕ್ಕ ಜಾಸ್ತಿ ಇರುವ ಕೋರ್ಸ್ ಬೇಕು.

ಹೆಜ್ಜೆ 3: ಕರೆಂಟು, ನೆಟ್‌ವರ್ಕ್, ಭಾಷೆ

ನಮ್ಮ ಕಡೆ ಇದನ್ನು ಮೊದಲೇ ಯೋಚಿಸದೆ ಕೋರ್ಸ್ ತಗೊಂಡರೆ ಜೂನ್ ತಿಂಗಳಲ್ಲಿ ಪಾಠ ನಿಲ್ಲುತ್ತದೆ. ಮಳೆ ಹಿಡಿದರೆ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ, ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಗುಡ್ಡ ಹತ್ತಿ ಸಿಗ್ನಲ್ ಹಿಡಿದು ಒಂದು ವಿಡಿಯೊ ನೋಡಬಹುದು, ಆದರೆ ಮಳೆಗಾಲವಿಡೀ ಗಣಿತ ಕಲಿಯಲು ಆಗುವುದಿಲ್ಲ. ಕುಮಟಾ, ಕಾರವಾರದ ಪೇಟೆಯಲ್ಲಿ ಇರುವವರಿಗೆ ಇಷ್ಟು ಕಷ್ಟ ಇರಲಿಕ್ಕಿಲ್ಲ. ಘಟ್ಟದ ಮೇಲಿನವರು, ಒಳಗಿನ ಹಳ್ಳಿಯವರು ಕೋರ್ಸ್ ಆಫ್‌ಲೈನ್ ಓಡುತ್ತದಾ ಅಂತ ಕೇಳಲೇಬೇಕು. ಕೇಳುವಾಗ ಬಿಡಿಸಿ ಕೇಳಿ. ವಿಡಿಯೊ ಮಾತ್ರ ಇಳಿಸಿಕೊಳ್ಳಬಹುದಾ, ಅಭ್ಯಾಸದ ಲೆಕ್ಕಗಳೂ ನೆಟ್ ಇಲ್ಲದೆ ತೆರೆಯುತ್ತವಾ? ವಿಡಿಯೊ ಬಂದು ಲೆಕ್ಕ ಬರದಿದ್ದರೆ ಉಪಯೋಗ ಅಷ್ಟಕ್ಕಷ್ಟೇ.

ಇದಕ್ಕೆ ಒಳ್ಳೆಯ ಉಪಾಯ ಕೊಲಿಬ್ರಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ನೆಟ್ ಚೆನ್ನಾಗಿರುವ ಕಡೆ, ಪೇಟೆಯಲ್ಲಿ ನೆಂಟರ ಮನೆ ಇದ್ದರೆ ಅಲ್ಲಿ, ಲ್ಯಾಪ್‌ಟಾಪಿಗೆ ಒಂದು ಸಲ ಪಾಠಗಳನ್ನು ಇಳಿಸಿಕೊಂಡು ತಂದರೆ ಆಮೇಲೆ ವಿಡಿಯೊ, ಅಭ್ಯಾಸ ಎರಡೂ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ಮನೆಯ ವೈಫೈ ಮೂಲಕ ಮೊಬೈಲಿನಲ್ಲೂ ತೆರೆಯಬಹುದು.

ಫೋನ್ ಪರದೆ ಗಣಿತಕ್ಕೆ ಚಿಕ್ಕದು. ಹಳೆಯ ಲ್ಯಾಪ್‌ಟಾಪ್ ಸಾಕು, ಹೊಸದೇ ಬೇಕಾಗಿಲ್ಲ.

ಭಾಷೆಯದು ಇನ್ನೊಂದು. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಇಂಗ್ಲಿಷ್ ವಿಡಿಯೊ ನೋಡುವಾಗ ಗಣಿತ ಗೊತ್ತಿದ್ದರೂ ಪದದ ಹತ್ತಿರ ನಿಂತುಬಿಡುತ್ತದೆ. ನ್ಯೂಮರೇಟರ್ ಅಂದರೆ ಅಂಶ, ಡಿನಾಮಿನೇಟರ್ ಅಂದರೆ ಛೇದ, ಇಂಟೀಜರ್ ಅಂದರೆ ಪೂರ್ಣಾಂಕ, ಪಾಲಿನಾಮಿಯಲ್ ಅಂದರೆ ಬಹುಪದೋಕ್ತಿ. ಡಯಾಗನಲ್‌ಗೆ ಕರ್ಣ, ಹೈಪಾಟನ್ಯೂಸ್‌ಗೆ ವಿಕರ್ಣ, ಈ ಎರಡು ಅದಲು ಬದಲಾಗುವುದು ಬಹಳ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಪುಟದ ನಡುವೆ ಗೆರೆ ಎಳೆದು ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಕೆಳಗೆ ಒಂದು ಪುಟ್ಟ ಚಿತ್ರ ಬರೆಸಿ. ಮೂರು ತಿಂಗಳಲ್ಲಿ ಆ ಪುಸ್ತಕದ ಅಗತ್ಯವೇ ಇರುವುದಿಲ್ಲ.

ಹೆಜ್ಜೆ 4: ಸಿಗುವುದು ಏನೇನು

ಪುಕ್ಕಟೆ ಸಿಗುವುದರಿಂದಲೇ ಶುರು ಮಾಡಿ ಅಂತ ನನ್ನ ಮಾತು.

ಖಾನ್ ಅಕಾಡೆಮಿ ಗೊತ್ತಿರಬಹುದು. 2008ರಲ್ಲಿ ಸಲ್ಮಾನ್ ಖಾನ್ ಅನ್ನುವವರು ಅಮೆರಿಕದಲ್ಲಿ ಶುರು ಮಾಡಿದ ಲಾಭದ ಉದ್ದೇಶವಿಲ್ಲದ ಸಂಸ್ಥೆ. ಎನ್‌ಸಿಇಆರ್‌ಟಿ ಅಧ್ಯಾಯಗಳ ಪ್ರಕಾರವೇ ಜೋಡಿಸಿದ ಭಾರತದ ಗಣಿತ ಕೋರ್ಸ್ ಅದರಲ್ಲಿದೆ. ಕನ್ನಡದಲ್ಲೂ ಗಣಿತದ ಪಾಠಗಳಿವೆ, ಇಂಗ್ಲಿಷ್‌ನಷ್ಟು ತುಂಬಿಲ್ಲ. ಉತ್ತರವನ್ನು ಎಷ್ಟೋ ಕಡೆ ಟೈಪ್ ಮಾಡಬೇಕು, ಆಯ್ಕೆ ಇರುವುದಿಲ್ಲ. ಸಿಕ್ಕಿಹಾಕಿಕೊಂಡರೆ ಸುಳಿವು ಒಂದೊಂದೇ ಹೆಜ್ಜೆ ತೆರೆದುಕೊಳ್ಳುತ್ತದೆ. ಅಪ್ಪ ಅಮ್ಮನ ಖಾತೆ ಬೇರೆ ತೆರೆದರೆ ಮಗು ಯಾವ ಲೆಕ್ಕದಲ್ಲಿ ಎಡವಿದೆ ಅಂತ ನಮಗೂ ಕಾಣುತ್ತದೆ.

ದೀಕ್ಷಾ ಆ್ಯಪ್ ಸರ್ಕಾರದ್ದು, 2017ರಲ್ಲಿ ಬಂತು. ರಾಜ್ಯದ ಪಠ್ಯಪುಸ್ತಕದಲ್ಲಿ ಅಧ್ಯಾಯದ ಹತ್ತಿರ ಕ್ಯೂಆರ್ ಕೋಡ್ ಇರುತ್ತದಲ್ಲ, ಅದನ್ನು ಈ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಆ ಅಧ್ಯಾಯದ ಕನ್ನಡ ಪಾಠಗಳು ತೆರೆಯುತ್ತವೆ. ಗುಣಮಟ್ಟ ಒಂದೇ ಸಮ ಇಲ್ಲ. ಇಡೀ ಕೋರ್ಸ್ ಆಗಿ ಬಳಸುವುದಕ್ಕಿಂತ, ಇಂಗ್ಲಿಷ್ ವಿಡಿಯೊ ತಿಳಿಯದಾಗ ಅದೇ ವಿಷಯವನ್ನು ಕನ್ನಡದಲ್ಲಿ ಒಂದು ಸಲ ಕೇಳಿಸಲು ತುಂಬಾ ಅನುಕೂಲ.

ಜಿಯೋಜಿಬ್ರಾ ಕೋರ್ಸ್ ಅಲ್ಲ, ಉಪಕರಣ. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದು. ಪುಕ್ಕಟೆ, ಇಳಿಸಿಕೊಂಡರೆ ಆಫ್‌ಲೈನ್ ಓಡುತ್ತದೆ. ವರ್ಗ ಸಮೀಕರಣದ ನಕ್ಷೆ ಹಾಕಿ ಸ್ಲೈಡರ್ ಎಳೆದರೆ ವಕ್ರರೇಖೆ ಮೇಲೆ ಕೆಳಗೆ ಹೋಗುತ್ತದೆ. ಯಾವಾಗ ಅದು ಅಡ್ಡ ಅಕ್ಷವನ್ನು ಎರಡು ಕಡೆ ಕಡಿಯುತ್ತದೆ, ಯಾವಾಗ ಒಂದೇ ಕಡೆ ಮುಟ್ಟುತ್ತದೆ, ಯಾವಾಗ ಮುಟ್ಟುವುದೇ ಇಲ್ಲ, ಇದನ್ನು ಕೈಯಲ್ಲಿ ಎಳೆದು ನೋಡಿದ ಮಗುವಿಗೆ ಮೂಲಗಳ ಸ್ವಭಾವ ಅನ್ನುವ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಯಾವ ಕೋರ್ಸ್ ಆರಿಸಿದರೂ ಇದು ಜೊತೆಗಿರಲಿ.

ಇನ್ನು ಹೊರದೇಶದ ದುಡ್ಡಿನ ಕೋರ್ಸ್‌ಗಳು. ಅಮೆರಿಕದಲ್ಲಿ ಮನೆಯಲ್ಲಿ ಓದುವ ಮಕ್ಕಳು ಜಾಸ್ತಿ, ಹಾಗಾಗಿ ತಾನೇ ಕಲಿಯುವ ಗಣಿತ ಅಲ್ಲಿ ಚೆನ್ನಾಗಿ ಬೆಳೆದಿದೆ. ಟೀಚಿಂಗ್ ಟೆಕ್ಸ್ಟ್‌ಬುಕ್ಸ್ ಅನ್ನುವುದು ಪೂರ್ತಿ ಮಗುವಿಗೇ ಬಿಟ್ಟುಕೊಡುವ ಕೋರ್ಸ್. ಮಾತಿನ ಪಾಠ, ಅದರ ಹಿಂದೆಯೇ ಲೆಕ್ಕ, ಅಂಕವನ್ನೂ ಅದೇ ಹಾಕುತ್ತದೆ. ತಪ್ಪಾದರೆ ಆ ಲೆಕ್ಕವನ್ನು ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ವಿವರಿಸಿ ತೋರಿಸುತ್ತದೆ. ಮೊದಲ 15 ಪಾಠ ಪುಕ್ಕಟೆ ನೋಡಬಹುದು. ಸ್ವಲ್ಪ ಮೆತ್ತಗೆ ಹೋಗುತ್ತದೆ ಅನ್ನುವ ಮಾತಿದೆ, ಗಣಿತಕ್ಕೆ ಹೆದರುವ ಮಗುವಿಗೆ ಅದೇ ಬೇಕು. ಮ್ಯಾಥ್-ಯು-ಸೀ ಬಣ್ಣದ ಬ್ಲಾಕ್‌ಗಳನ್ನು ಕೈಯಲ್ಲಿ ಜೋಡಿಸಿ ಕಲಿಸುವ ಕ್ರಮ. ಸ್ಯಾಕ್ಸನ್‌ನಲ್ಲಿ ದಿನಾ ಹೊಸದು ಸ್ವಲ್ಪ, ಹಳೆಯದು ಜಾಸ್ತಿ, ಪ್ರತಿ ಅಭ್ಯಾಸದಲ್ಲೂ ಹಿಂದಿನ ಪಾಠದ ಲೆಕ್ಕ ಕಲೆಸಿರುತ್ತಾರೆ, ಮರೆವು ಇರುವ ಮಕ್ಕಳಿಗೆ ಒಳ್ಳೆಯದು. ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಗಣಿತದ ಹುಚ್ಚು ಇರುವ ಮಕ್ಕಳಿಗೆ. ಅವರ ಆಲ್ಕ್ಯುಮಸ್ ಅನ್ನುವ ಅಭ್ಯಾಸದ ಭಾಗ ಪುಕ್ಕಟೆ.

ಆದರೆ ಇಲ್ಲಿ ಒಂದು ತೊಡಕಿದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಮ್ಮಲ್ಲಿ ಪ್ರತಿ ವರ್ಷವೂ ಬೀಜಗಣಿತ, ರೇಖಾಗಣಿತ, ಸಂಖ್ಯಾಶಾಸ್ತ್ರ ಎಲ್ಲ ಸ್ವಲ್ಪ ಸ್ವಲ್ಪ ಇರುತ್ತದೆ. ಅಮೆರಿಕದ ಕ್ರಮದಲ್ಲಿ ಒಂದು ವರ್ಷ ಪೂರ್ತಿ ಆಲ್ಜೀಬ್ರಾ 1, ಮುಂದಿನ ವರ್ಷ ಪೂರ್ತಿ ಜಾಮಿಟ್ರಿ, ಆಮೇಲೆ ಆಲ್ಜೀಬ್ರಾ 2. ಆಲ್ಜೀಬ್ರಾ 1 ಮುಗಿಸಿದ ಮಗುವಿಗೆ ವರ್ಗ ಸಮೀಕರಣ ಚೆನ್ನಾಗಿ ಬರುತ್ತದೆ, ಆದರೆ ವೃತ್ತದ ಸ್ಪರ್ಶಕ, ತ್ರಿಕೋನಮಿತಿ ಇವುಗಳ ಹೆಸರೂ ಕೇಳಿರುವುದಿಲ್ಲ. ನಮ್ಮ ಹತ್ತನೆಯ ಪರೀಕ್ಷೆಗೆ ಎರಡೂ ಬೇಕು. ಜೊತೆಗೆ ಅಲ್ಲಿನ ಲೆಕ್ಕಗಳಲ್ಲಿ ಡಾಲರ್, ಮೈಲಿ, ಪೌಂಡು. ಲಕ್ಷ ಬರೆಯುವಾಗ ನಾವು 1,00,000 ಅಂತ ಅಲ್ಪವಿರಾಮ ಹಾಕಿದರೆ ಅವರು 100,000. ಇವೆಲ್ಲ ದಾಟಲಾಗದ ಅಡ್ಡಿ ಅಲ್ಲ. ಆದರೆ ಗೋಡೆಯ ಹಾಳೆಯ ಮೇಲೆ ಒಂದೊಂದೇ ಅಧ್ಯಾಯಕ್ಕೆ ಗುರುತು ಹಾಕುತ್ತಾ, ಯಾವುದು ಎಲ್ಲಿ ಬರುತ್ತದೆ, ಯಾವುದು ಬರುವುದೇ ಇಲ್ಲ ಅಂತ ನೋಡಿಕೊಳ್ಳದೆ ಡಾಲರ್ ಕಟ್ಟಬೇಡಿ.

ಹೆಜ್ಜೆ 5: ಒಂದು ವಾರ ಬೇಕಂತಲೇ ತಪ್ಪು ಮಾಡಿ ನೋಡಿ

ಎರಡು ಅಥವಾ ಮೂರು ಕೋರ್ಸ್ ಉಳಿಸಿಕೊಂಡ ಮೇಲೆ ಪುಕ್ಕಟೆ ಪಾಠಗಳನ್ನು ಇಟ್ಟುಕೊಂಡು ಒಂದು ವಾರ ಪರೀಕ್ಷಿಸಿ. ಮೊದಲ ಎರಡು ದಿನ ನೀವೇ ಮಗುವಿನ ಜಾಗದಲ್ಲಿ ಕೂತು ಬೇಕಂತಲೇ ಮೂರು ಥರದ ತಪ್ಪು ಮಾಡಿ. ಕೂಡಿಸುವಾಗಿನ ಸಣ್ಣ ತಪ್ಪು ಒಂದು. ನಿಯಮವೇ ತಪ್ಪು ತಿಳಿದ ಹಾಗೆ ಒಂದು. ಏನೂ ಗೊತ್ತಿಲ್ಲದವರ ಹಾಗೆ ಖಾಲಿ ಬಿಡುವುದು ಒಂದು. ಪ್ರತಿ ಸಲವೂ ಏನಾಗುತ್ತದೆ ಅಂತ ಬರೆದುಕೊಳ್ಳಿ.

ಬರೀ ತಪ್ಪು ಅಂದು ಮುಂದೆ ಹೋದರೆ ಆ ಕೋರ್ಸನ್ನು ಅಲ್ಲಿಗೇ ಬಿಡಿ. ಸರಿ ಉತ್ತರ ಮಾತ್ರ ಹೇಳಿದರೂ ಸಾಲದು. ಪೂರ್ತಿ ಬಿಡಿಸಿ ತೋರಿಸಿ, ಅಂಥದ್ದೇ ಇನ್ನೊಂದು ಲೆಕ್ಕ ಕೊಟ್ಟು ಮತ್ತೆ ಮಾಡಿಸಿದರೆ ಒಳ್ಳೆಯದು. ನಾಲ್ಕು ದಿನ ಬಿಟ್ಟು ಅದೇ ಲೆಕ್ಕವನ್ನು ಬೇರೆ ಅಂಕಿಯಲ್ಲಿ ಮತ್ತೆ ಎದುರಿಗೆ ತಂದರೆ ಅದನ್ನು ಕೈಬಿಡಬೇಡಿ.

ಆಮೇಲೆ ಮೂರು ದಿನ ಮಗುವನ್ನು ಕೂರಿಸಿ. ನೀವು ಸ್ವಲ್ಪ ದೂರ ಕೂತು ಬೇರೆ ಕೆಲಸ ಮಾಡುತ್ತಾ ಗಮನಿಸಿ. ವಿಡಿಯೊ ನಿಲ್ಲಿಸಿ ಬರೆದುಕೊಳ್ಳುತ್ತಿದೆಯಾ? ತಪ್ಪಾದಾಗ ವಿವರಣೆ ಓದುತ್ತದಾ, ಇಲ್ಲಾ ಮುಂದೆ ಒತ್ತಿಬಿಡುತ್ತದಾ? ಎಷ್ಟು ಸಲ ನಿಮ್ಮನ್ನು ಕರೆಯಿತು? ದಿನಕ್ಕೆ ಒಂದೆರಡು ಸಲ ಕರೆದರೆ ಸರಿ. ಐದಾರು ಸಲ ಕರೆದರೆ ಮಟ್ಟ ಜಾಸ್ತಿ ಆಯಿತು, ಇಲ್ಲಾ ಭಾಷೆ ಅಡ್ಡ ಬರುತ್ತಿದೆ. ಒಂದು ಸಲವೂ ಕರೆಯದಿದ್ದರೆ ನಿಶ್ಚಿಂತೆ ಪಡಬೇಡಿ, ಸುಮ್ನೆ ಒತ್ತುತ್ತಾ ಹೋಗುತ್ತಿರಬಹುದು.

ಇಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಹೇಳಬೇಕು. ಎಕ್ಸ್‌ಗೆ 3 ಕೂಡಿಸಿ ಅದರ ವರ್ಗ ಮಾಡು ಅಂತ ಲೆಕ್ಕ. ಮಗಳು ಎಕ್ಸ್ ವರ್ಗ ಕೂಡಿಸು 9 ಅಂತ ಟೈಪ್ ಮಾಡಿದಳು. ಕೋರ್ಸ್ ತಪ್ಪು ಅಂದಿತು. ಸುಳಿವಿನಲ್ಲಿ ಎಕ್ಸ್ ವರ್ಗ, 6 ಎಕ್ಸ್, 9 ಅಂತ ಮೂರು ಪದ ಬಂದವು. ಅವಳು ಅದನ್ನು ನೋಡಿ ಬರೆದಳು, ಮುಂದಿನದು ಸರಿಯಾಯಿತು, ಅದರ ಮುಂದಿನದೂ ಸರಿಯಾಯಿತು. ಆದರೆ ಪೆನ್ನು ಕೆಳಗಿಟ್ಟು ಕೂತಿದ್ದಳು. ಏನಾಯಿತು ಅಂದರೆ, "ಅಮ್ಮಾ, ಈ 6 ಎಲ್ಲಿಂದ ಬಂತು?" ಅಂದಳು.

ಅಂಗಳಕ್ಕೆ ಕರೆದುಕೊಂಡು ಹೋದೆ. ಸುಣ್ಣದ ಪುಡಿಯಲ್ಲಿ 10 ಅಡಿ ಉದ್ದ, 10 ಅಡಿ ಅಗಲದ ಚೌಕ ಹಾಕಿದೆವು. ಈಗ ಇದನ್ನು ಎರಡು ಬದಿಗೂ 3 ಅಡಿ ದೊಡ್ಡದು ಮಾಡು ಅಂದೆ. ಅವಳು ಬಲಕ್ಕೊಂದು ಪಟ್ಟಿ, ಮೇಲಕ್ಕೊಂದು ಪಟ್ಟಿ ಎಳೆದಳು. ಮೂಲೆಯಲ್ಲಿ ಒಂದು ಪುಟ್ಟ ಚೌಕ ತಾನಾಗಿ ಬಂತು. ಲೆಕ್ಕ ಹಾಕಿದಳು. ದೊಡ್ಡದು 100, ಪಟ್ಟಿ ಒಂದು 30, ಇನ್ನೊಂದು 30, ಮೂಲೆಯದು 9. ಒಟ್ಟು 169. 13 × 13 ಮಾಡಿದರೂ 169. ಅವಳ ಮೊದಲಿನ ಉತ್ತರದ ಪ್ರಕಾರ 109 ಆಗಬೇಕಿತ್ತು. ಎರಡೂ ಪಟ್ಟಿಯ ಮೇಲೆ ಒಂದೊಂದು ಕಾಲಿಟ್ಟು ನಿಂತು, "ಈ ಎರಡನ್ನು ನಾನು ಬಿಟ್ಟೇಬಿಟ್ಟಿದ್ದೆ" ಅಂದಳು. ಆ ತಪ್ಪು ಅವಳು ಮತ್ತೆ ಮಾಡಲಿಲ್ಲ.

ಇದರಿಂದ ನಾನು ಕೋರ್ಸನ್ನು ಬದಲಿಸಲಿಲ್ಲ. ಹೇಗೆ ಮಾಡುವುದು ಅಂತ ಅದು ಚೆನ್ನಾಗಿಯೇ ಹೇಳಿತ್ತು. ಯಾಕೆ ಅನ್ನುವುದಕ್ಕೆ ಮಗು ನಮ್ಮ ಹತ್ತಿರ ಬಂತು. ಆ ಪ್ರಶ್ನೆ ಹುಟ್ಟುವಷ್ಟು ಬಿಡುವು ಕೊಡುವ ಕೋರ್ಸ್ ಬೇಕು. ಗಡಿಯಾರ ಓಡಿಸಿ, ನಕ್ಷತ್ರ ಎಣಿಸಿ ಓಡಿಸುವ ಕೋರ್ಸ್‌ನಲ್ಲಿ ಅವಳು ಪೆನ್ನು ಕೆಳಗಿಡುತ್ತಲೇ ಇರಲಿಲ್ಲ.

ವಾರದ ಕೊನೆಗೆ ಬಿಳಿ ಹಾಳೆಯ ಪರೀಕ್ಷೆ. ಆ ವಾರ ಕಲಿತದ್ದರ ಮೇಲೆ ಪಠ್ಯಪುಸ್ತಕದಿಂದ ಐದು ಲೆಕ್ಕ. ನಾಲ್ಕು ಬಂದರೆ ಆ ಕೋರ್ಸ್ ನಿಮ್ಮ ಮಗುವಿಗೆ ಆಗುತ್ತದೆ.

ದುಡ್ಡಿನ ವಿಷಯ ಎರಡು ಮಾತಿನಲ್ಲಿ. ಇಡೀ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಡಿ, ಎಷ್ಟೇ ರಿಯಾಯಿತಿ ಅಂದರೂ. ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ಬರಹದಲ್ಲಿ ತಗೊಳ್ಳಿ, ಆ ದಿನಕ್ಕೆ ಒಂದು ವಾರ ಮೊದಲು ಫೋನಿನಲ್ಲಿ ಅಲಾರಂ ಇಡಿ. ಪುಸ್ತಕ, ಬ್ಲಾಕ್‌ಗಳನ್ನು ಹೊರದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ ಎರಡನ್ನೂ ಕೂಡಿಸಿ ನೋಡಿ.

ಹೆಜ್ಜೆ 6: ಆರಿಸಿದ ಮೇಲೆ ದಿನದ ಕ್ರಮ

ಒಳ್ಳೆಯ ಕೋರ್ಸ್ ಕೂಡ ಕ್ರಮ ಇಲ್ಲದಿದ್ದರೆ ಟಿವಿ ಆಗುತ್ತದೆ. ನಾವು ಮಾಡಿಕೊಂಡದ್ದು ಹೀಗೆ. ಬೆಳಿಗ್ಗೆ ತಿಂಡಿ ಆದ ಮೇಲೆ ಒಂದೂಕಾಲು ಗಂಟೆ ಗಣಿತ, ವಾರಕ್ಕೆ ಐದು ದಿನ. ಅದರಲ್ಲಿ ವಿಡಿಯೊ 15 ನಿಮಿಷಕ್ಕಿಂತ ಜಾಸ್ತಿ ಇಲ್ಲ. ವಿಡಿಯೊದಲ್ಲಿ ಅವರು ಲೆಕ್ಕ ಬರೆದ ಕೂಡಲೇ ನಿಲ್ಲಿಸಿ ಮೊದಲು ತಾನು ಮಾಡಬೇಕು, ಆಮೇಲೆ ಮುಂದೆ ಓಡಿಸಬೇಕು. ಉಳಿದ ಸಮಯ ಪೂರ್ತಿ ಪೆನ್ನು, ಕಾಗದ. ಪರದೆಯ ಮೇಲೆ ಉತ್ತರ ಟೈಪ್ ಮಾಡುವ ಮೊದಲು ನೋಟ್‌ಬುಕ್ಕಿನಲ್ಲಿ ಹೆಜ್ಜೆಗಳು ಇರಲೇಬೇಕು. ಪರೀಕ್ಷೆಯಲ್ಲಿ ಹೆಜ್ಜೆಗೇ ಅಂಕ, ಯಂತ್ರ ಕೊನೆಯ ಉತ್ತರ ಮಾತ್ರ ನೋಡುತ್ತದೆ.

ತಪ್ಪುಗಳಿಗೆ ಬೇರೆಯೇ ಒಂದು ಪುಸ್ತಕ. ತಪ್ಪಾದ ಲೆಕ್ಕವನ್ನು ತಪ್ಪಾಗಿಯೇ ಬರೆದು, ಎಡವಿದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ತನ್ನದೇ ಮಾತಿನಲ್ಲಿ ಕಾರಣ ಬರೆಯುವುದು. "ಮೈನಸ್‌ನ್ನು ಆವರಣದ ಒಳಗಿನ ಎರಡನೆಯ ಪದಕ್ಕೆ ಕೊಡಲಿಲ್ಲ." ಅಷ್ಟು ಸಾಕು. ಶನಿವಾರ ಆ ಪುಸ್ತಕದಿಂದ ಮೂರು ಲೆಕ್ಕ ಮತ್ತೆ. ನಮ್ಮ ಮಗಳ ಆ ಪುಸ್ತಕ ನೋಡಿದರೆ ಅವಳ ತಪ್ಪುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಚಿಹ್ನೆಯವು ಅಂತ ಎರಡೇ ತಿಂಗಳಲ್ಲಿ ಗೊತ್ತಾಯಿತು.

ವಾರಕ್ಕೊಂದು ದಿನ ಪರದೆ ಮುಟ್ಟದೆ ತೋಟದ ಲೆಕ್ಕ. ತ್ರಿಕೋನಮಿತಿ ಬಂದಾಗ ಅಡಿಕೆ ಮರದ ಎತ್ತರ ಅಳೆದೆವು. ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಒಂದು ಅಡಿಕೆ ಇಳಿಬಿಟ್ಟು, ಮರದ ತುದಿ 45 ಡಿಗ್ರಿಗೆ ಕಾಣುವವರೆಗೆ ಹಿಂದೆ ಸರಿಯುವುದು. ಬುಡದಿಂದ 12 ಮೀಟರ್ ಆಯಿತು, ಕಣ್ಣಿನ ಎತ್ತರ ಒಂದೂವರೆ ಮೀಟರ್ ಕೂಡಿಸಿದರೆ ಮರ ಹದಿಮೂರೂವರೆ. ಕೊನೆ ಕೊಯ್ಯಲು ಬಂದವರ ಫೈಬರ್ ದೋಟಿಯನ್ನು ಅದೇ ಮರಕ್ಕೆ ಆನಿಸಿ ಸರಿ ನೋಡಿದಳು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, 1,089 ಚದರ ಅಡಿ, ಅಂಥ 40 ಸೇರಿದರೆ ಒಂದು ಎಕರೆ. ಈ ಲೆಕ್ಕಗಳಿಗೆ ಕೋರ್ಸ್ ಬೇಕಾಗಿಲ್ಲ.

ಹೆಜ್ಜೆ 7: ಯಾವಾಗ ಬದಲಿಸಬೇಕು

ಮೊದಲ ಮೂರು ವಾರ ಯಾವ ಮಗುವಾದರೂ ಗೊಣಗುತ್ತದೆ, ಅದಕ್ಕೆ ಬದಲಿಸಬೇಡಿ. ಬಿಳಿ ಹಾಳೆಯ ಪರೀಕ್ಷೆಯಲ್ಲಿ ಸತತ ಮೂರು ವಾರ ಐದಕ್ಕೆ ಎರಡೇ ಬರುತ್ತಿದ್ದರೆ, ಕೋರ್ಸ್‌ನೊಳಗಿನ ಅಂಕ ಎಷ್ಟೇ ಚೆನ್ನಾಗಿದ್ದರೂ, ನಿಲ್ಲಿಸಿ. ಮೊದಲು ಮಟ್ಟ ಇಳಿಸಿ ನೋಡಿ. ಆಗಲೂ ಆಗದಿದ್ದರೆ ಕೋರ್ಸ್ ಬದಲಿಸಿ. ಬದಲಿಸುವಾಗ ಮೊದಲಿನಿಂದ ಶುರು ಮಾಡಿಸಬೇಡಿ, ಮಕ್ಕಳಿಗೆ ಅದು ತುಂಬಾ ಬೇಜಾರು. ಹೊಸ ಕೋರ್ಸ್‌ನ ಅಧ್ಯಾಯ ಪರೀಕ್ಷೆಗಳನ್ನು ಬರೆಸಿ, ಎಲ್ಲಿ ಎಡವುತ್ತದೋ ಅಲ್ಲಿಂದ ಹಿಡಿಯಿರಿ.

ತಿಂಗಳಿಗೊಮ್ಮೆಯಾದರೂ ಒಬ್ಬ ಮನುಷ್ಯರು ಬೇಕು. ನಮ್ಮ ಊರುಗಳಲ್ಲಿ ನಿವೃತ್ತ ಗಣಿತ ಮೇಷ್ಟ್ರು ಒಬ್ಬರಾದರೂ ಇರುತ್ತಾರೆ. ತಪ್ಪುಗಳ ಪುಸ್ತಕ ಹಿಡಿದು ಭಾನುವಾರ ಒಂದು ಗಂಟೆ ಅವರ ಮನೆಗೆ ಹೋಗಿ ಬಂದರೆ, ಪರದೆ ಹಿಡಿಯದ ಎಷ್ಟೋ ತೊಡಕನ್ನು ಅವರು ಪುಟ ತಿರುಗಿಸುತ್ತಲೇ ಹಿಡಿಯುತ್ತಾರೆ. ನಾವು ಹೋಗುತ್ತಿದ್ದ ಮೇಷ್ಟ್ರು ಮೊದಲ ದಿನವೇ ಹೇಳಿದ್ದು, "ಇವಳಿಗೆ ಲೆಕ್ಕ ಬತ್ತು, ಸಮ ಚಿಹ್ನೆ ಬರೆಯೂಲೆ ಮಾತ್ರ ಬತ್ತಿಲ್ಲೆ." ನಿಜವೇ, ಅವಳು ಎಲ್ಲವನ್ನೂ ಒಂದೇ ಸಾಲಿನಲ್ಲಿ ಸಮ, ಸಮ ಅಂತ ಎಳೆದುಕೊಂಡು ಹೋಗುತ್ತಿದ್ದಳು. ಯಾವ ಕೋರ್ಸೂ ಅದನ್ನು ನೋಡಿರಲಿಲ್ಲ.

ಪರೀಕ್ಷೆಗೆ ನಾಲ್ಕು ತಿಂಗಳು ಇರುವಾಗ ಹೊಸ ವಿಡಿಯೊ ನಿಲ್ಲಿಸಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಳಿಸಿಕೊಂಡು, ಗಡಿಯಾರ ಇಟ್ಟು, ವಾರಕ್ಕೊಂದು ಪೂರ್ತಿ ಬರೆಸಿ. ಎನ್‌ಐಒಎಸ್ ಆದರೆ ಮನೆಯಲ್ಲಿ ಬರೆದು ಒಪ್ಪಿಸುವ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೂ ಅಂಕ ಇದೆ, ಕೊನೆಯ ದಿನಾಂಕ ಮೊದಲೇ ಬರೆದಿಟ್ಟುಕೊಳ್ಳಿ. ಜೊತೆಗೆ ಎನ್‌ಸಿಇಆರ್‌ಟಿಯ ಎಕ್ಸೆಂಪ್ಲರ್ ಪುಸ್ತಕ ಪುಕ್ಕಟೆ ಸಿಗುತ್ತದೆ, ಸ್ವಲ್ಪ ಗಟ್ಟಿ ಲೆಕ್ಕಗಳು. ದಿನಕ್ಕೆ ಎರಡು ಸಾಕು. ಅಕ್ಟೋಬರ್ ಪರೀಕ್ಷೆ ಆರಿಸಿಕೊಂಡರೆ ಓದುವ ತಿಂಗಳುಗಳು ಪೂರ್ತಿ ಮಳೆಗಾಲಕ್ಕೆ ಬೀಳುತ್ತವೆ. ಹಾಗಾಗಿ ಪ್ರಶ್ನೆಪತ್ರಿಕೆಗಳನ್ನೆಲ್ಲ ಮೇ ತಿಂಗಳಲ್ಲೇ ಪ್ರಿಂಟ್ ಮಾಡಿಸಿ ತಂದಿಟ್ಟುಕೊಳ್ಳಿ.